ಆಪ್ತಸಲಹೆ ಪ್ರಕರಣ: ಪ್ರಾಸ್ಟೇಟ್‌ಗೆ ಆಪರೇಷನ್ನೋ, ರೇಡಿಯೇಷನ್ನೋ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 64. ಸ್ವಂತ ವ್ಯಾಪಾರ, ದಿನವಿಡೀ ನಿಂತು ಕೆಲಸ, ಭಾರ ಎತ್ತುವುದೂ ಇದೆ. 11 ವರ್ಷದಿಂದ ಸಕ್ಕರೆ ಕಾಯಿಲೆ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಸೂಚಿಸುವ ರಕ್ತಪರೀಕ್ಷೆ) 8.4 ಬಂತೆಂದು ಎಂಆರ್‌ಐ, ಆಮೇಲೆ ಬಯಾಪ್ಸಿ. ತೆಗೆದ 12 ಚೂರುಗಳಲ್ಲಿ 3ರಲ್ಲಿ ಕ್ಯಾನ್ಸರ್. ಗ್ಲೀಸನ್ (ಕ್ಯಾನ್ಸರ್ ಕೋಶಗಳು ಎಷ್ಟು ಉಗ್ರ ಎಂಬ ಅಂಕ) 3+4=7, ಅದರಲ್ಲಿ ಹೆಚ್ಚು ಉಗ್ರವಾದ 4ರ ಪಾಲು ಶೇ 10. ಗಡ್ಡೆ ಗ್ರಂಥಿಯ ಒಳಗೇ ಇದೆ, ಹೊರಗೆ ಚಾಚಿಲ್ಲ. ಗ್ರಂಥಿಯ ಗಾತ್ರ 58 ಮಿಲಿಲೀಟರ್.

ಹೆಂಡತಿ ಮತ್ತು ಮಗನ ಜೊತೆ ನಮ್ಮಲ್ಲಿ ಆಪ್ತಸಲಹೆಗೆ ಬಂದಿದ್ದರು. ಅಷ್ಟರಲ್ಲಾಗಲೇ ಇಬ್ಬರು ವೈದ್ಯರನ್ನು ಕಂಡಾಗಿತ್ತು. ಸರ್ಜನ್ ಗ್ರಂಥಿಯನ್ನೇ ತೆಗೆಯುವ ಆಪರೇಷನ್ ಅಂದರು, ರೇಡಿಯೇಷನ್ ವೈದ್ಯರು ರೇಡಿಯೇಷನ್ ಅಂದರು. "ಇಬ್ಬರೂ ತಿಳಿದವರೇ. ಯಾರ ಮಾತು ಕೇಳಲಿ?" ಎನ್ನುವುದು ಇವರ ಪ್ರಶ್ನೆ. ಮಗನಿಗೆ ಅನುಮಾನವೇ ಇರಲಿಲ್ಲ: "ಕತ್ತರಿಸಿ ತೆಗೆದರೆ ಬೇರುಸಹಿತ ಹೋಗುತ್ತೆ. ಮುಂದಿನ ವಾರವೇ ಮಾಡಿಸಿಬಿಡೋಣ." ಹೆಂಡತಿ ಏನೂ ಹೇಳಲಿಲ್ಲ.

ಮೊದಲು ಈ ಅವಸರವನ್ನು ಇಳಿಸಬೇಕಿತ್ತು. ಇಂಥ ಮಧ್ಯಮ ಅಪಾಯದ, ಗ್ರಂಥಿಯೊಳಗಿನ ಕ್ಯಾನ್ಸರ್‌ನಲ್ಲಿ ಎರಡು ಮೂರು ತಿಂಗಳು ಯೋಚಿಸಿದರೆ ಅವಕಾಶವೇನೂ ಕೈತಪ್ಪುವುದಿಲ್ಲ. ಬಯಾಪ್ಸಿಯ ಬಾವು, ರಕ್ತಸ್ರಾವ ಇಳಿಯಲಿ ಎಂದು ಸರ್ಜನ್‌ಗಳೇ ಸಾಮಾನ್ಯವಾಗಿ ಸುಮಾರು ಆರು ವಾರ ಕಾಯಿಸುತ್ತಾರೆ. ಗ್ಲೀಸನ್ 8 ಅಥವಾ ಅದಕ್ಕೂ ಹೆಚ್ಚು, ಪಿಎಸ್‌ಎ 20ಕ್ಕಿಂತ ಮೇಲೆ, ಗಡ್ಡೆ ಗ್ರಂಥಿಯ ಕವಚ ದಾಟಿದೆ ಅನ್ನುವಂತಿದ್ದರೆ ಮಾತು ಬೇರೆ. ಇವರದು ಹಾಗಿರಲಿಲ್ಲ.

ಇನ್ನು "ಬೇರುಸಹಿತ" ಅನ್ನುವ ವಾದ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ 1,643 ಗಂಡಸರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿತು: ಆಪರೇಷನ್, ರೇಡಿಯೇಷನ್, ಚಿಕಿತ್ಸೆಯಿಲ್ಲದೆ ನಿಗಾ. 15 ವರ್ಷಗಳ ಫಲಿತಾಂಶ 2023ರಲ್ಲಿ ಬಂತು. ಪ್ರಾಸ್ಟೇಟ್ ಕ್ಯಾನ್ಸರ್‌ನಿಂದಲೇ ಸತ್ತವರು ಆಪರೇಷನ್ ಗುಂಪಿನಲ್ಲಿ ಶೇ 2.2, ರೇಡಿಯೇಷನ್ ಗುಂಪಿನಲ್ಲಿ ಶೇ 2.9, ನಿಗಾ ಗುಂಪಿನಲ್ಲಿ ಶೇ 3.1. ಈ ವ್ಯತ್ಯಾಸ ಆಕಸ್ಮಿಕದ ಮಿತಿಯೊಳಗೇ ಇದೆ. ರೋಗ ಬೇರೆ ಅಂಗಗಳಿಗೆ ಹರಡಿದ್ದು ಮಾತ್ರ ನಿಗಾ ಗುಂಪಿನಲ್ಲಿ ಹೆಚ್ಚು, ಶೇ 9.4, ಆಪರೇಷನ್‌ನಲ್ಲಿ 4.7, ರೇಡಿಯೇಷನ್‌ನಲ್ಲಿ 5.0. ಅಂದರೆ ಜೀವ ಉಳಿಸುವ ಲೆಕ್ಕದಲ್ಲಿ ಕತ್ತಿಗೂ ಕಿರಣಕ್ಕೂ ಹೆಚ್ಚುಕಡಿಮೆ ಸಮ. ಅಲ್ಲಿದ್ದವರಲ್ಲಿ ಬಹುಪಾಲು ಜನರದು ಗ್ಲೀಸನ್ 6 ಅನ್ನುವುದನ್ನೂ ಮಗನಿಗೆ ಮುಚ್ಚಿಡಲಿಲ್ಲ. 4ರ ಪಾಲು ಇಷ್ಟು ಕಡಿಮೆ ಇರುವಾಗ ನಿಗಾ ಕೂಡ ಕೇಳಬಹುದಾದ ದಾರಿ ಎಂದೂ ಹೇಳಿದೆವು. ಪ್ರತಿ ಪಿಎಸ್‌ಎ ವರದಿಗೂ ನಿದ್ದೆ ಕೆಡಿಸಿಕೊಳ್ಳಲು ತಮ್ಮಿಂದಾಗದು ಎಂದು ಅವರೇ ಅದನ್ನು ಬಿಟ್ಟರು.

ಕ್ಯಾನ್ಸರ್ ಲೆಕ್ಕದಲ್ಲಿ ಎರಡೂ ಸಮ ಎಂದಾದ ಮೇಲೆ ತೂಗಬೇಕಾದದ್ದು ಚಿಕಿತ್ಸೆಯ ತೊಂದರೆಗಳನ್ನು. ಅವನ್ನು ಅಳೆಯಬೇಕಾದದ್ದು ಈ ಮನುಷ್ಯನ ದೇಹ ಈಗ ಹೇಗಿದೆ ಅನ್ನುವುದರ ಮೇಲೆ.

ಮೂತ್ರದ ಬಗ್ಗೆ ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ, ಒಟ್ಟು ಅಂಕ 35. ಅಲ್ಲೇ ಕೂತು ತುಂಬಿಸಿದರು: 21. ಧಾರೆ ಸಣ್ಣ, ತಿಣುಕಬೇಕು, ರಾತ್ರಿ ನಾಲ್ಕು ಸಲ ಏಳಬೇಕು. 20 ಅಥವಾ ಅದಕ್ಕೂ ಹೆಚ್ಚು ಬಂದರೆ ತೀವ್ರ ಎಂದು ಲೆಕ್ಕ. "ವಯಸ್ಸಾಯ್ತಲ್ಲ" ಎಂದು ಅವರು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಇಡೀ ನಿರ್ಧಾರದ ಕೀಲಿ ಇಲ್ಲೇ ಇತ್ತು. ರೇಡಿಯೇಷನ್ ಗ್ರಂಥಿಯನ್ನು ಬಾತುಕೊಳ್ಳುವಂತೆ ಮಾಡುತ್ತದೆ. ಮೊದಲೇ ದಾರಿ ಕಿರಿದಾಗಿದ್ದರೆ ಮೂತ್ರ ಪೂರ್ತಿ ಕಟ್ಟಿ ಕ್ಯಾತಿಟರ್ (ಮೂತ್ರ ಹೊರಬಿಡುವ ನಳಿಕೆ) ಹಾಕಬೇಕಾಗಬಹುದು. ರೇಡಿಯೇಷನ್ನೇ ಬೇಕೆಂದರೆ ಮೊದಲು ಮಾತ್ರೆ, ಇಲ್ಲವೇ ಹಾರ್ಮೋನ್ ಚುಚ್ಚುಮದ್ದಿನಿಂದ ಗ್ರಂಥಿ ಕುಗ್ಗಿಸುವುದು, ಇಲ್ಲವೇ ಒಳಗಿನಿಂದ ಕೆರೆದು ದಾರಿ ಬಿಡಿಸಿ, ಅದು ಮಾಯುವವರೆಗೆ ಕಾಯುವುದು. ಆಪರೇಷನ್‌ನಲ್ಲಿ ಕ್ಯಾನ್ಸರ್ ಜೊತೆಗೆ ಈ ಅಡಚಣೆಯೂ ಹೋಗುತ್ತದೆ. ಮಗ ಆಪರೇಷನ್ ಬಯಸಿದ್ದು ಸರಿ, ಕೊಟ್ಟ ಕಾರಣ ಮಾತ್ರ ತಪ್ಪು.

ಇದೇ ರೋಗ ಇನ್ನೊಬ್ಬರಿಗಿದ್ದು, ಮೂತ್ರ ಸಲೀಸಾಗಿ ಹೋಗುತ್ತಿದ್ದು, ಹೃದಯ ದುರ್ಬಲವಾಗಿದ್ದರೆ ನಮ್ಮ ಒಲವು ರೇಡಿಯೇಷನ್ ಕಡೆಗೇ. ದೊಡ್ಡಕರುಳಿನಲ್ಲಿ ಹುಣ್ಣಿನ ಕಾಯಿಲೆ ಇದ್ದವರು, ಸೊಂಟದ ಭಾಗಕ್ಕೆ ಹಿಂದೆ ರೇಡಿಯೇಷನ್ ಆದವರು ಮಾತ್ರ ರೇಡಿಯೇಷನ್ನಿಂದ ದೂರವಿರುವುದೇ ಲೇಸು.

ಆಪರೇಷನ್‌ನ ಬೆಲೆ ಮೂತ್ರ ಸೋರುವುದು. ಪ್ರೊಟೆಕ್ಟ್‌ನಲ್ಲಿ ಆರು ತಿಂಗಳಿಗೆ ಆಪರೇಷನ್ ಆದವರಲ್ಲಿ ಶೇ 46 ಜನ ಪ್ಯಾಡ್ ಬಳಸುತ್ತಿದ್ದರು, ಆರು ವರ್ಷಕ್ಕೆ ಶೇ 17. ರೇಡಿಯೇಷನ್ ಆದವರಲ್ಲಿ ಶೇ 5 ಮತ್ತು ಶೇ 4. ರೇಡಿಯೇಷನ್‌ನ ಬೆಲೆ ಗುದನಾಳದ್ದು: ಮಲವಿಸರ್ಜನೆಗೆ ಅವಸರ, ಕೆಲವೊಮ್ಮೆ ತಿಂಗಳುಗಳ ನಂತರ ಮಲದಲ್ಲಿ ರಕ್ತ. ಭಾರ ಎತ್ತುವವರಿಗೆ ಸೋರಿಕೆ ಹೆಚ್ಚು ಕಾಡುತ್ತದೆ ಎಂದು ಬಿಡಿಸಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಗಲು ಪ್ಯಾಡ್ ಹಾಕಿಕೊಂಡೇನು, ಮೂತ್ರ ಕಟ್ಟುವುದು ಬೇಡ" ಅಂದರು.

ಮಗನನ್ನು ಹೊರಗೆ ಕೂರಿಸಿ ದಂಪತಿಯೊಂದಿಗೆ ಮಾತಾಡಿದ ಮೇಲೆ ಹೆಂಡತಿ ಬಾಯಿ ಬಿಟ್ಟರು. ಸಕ್ಕರೆ ಕಾಯಿಲೆಯಿಂದ ನಿಮಿರುವಿಕೆ ಆಗಲೇ ಕುಂದಿತ್ತು, ಇಬ್ಬರೂ ಆ ಮಾತನ್ನೇ ಬಿಟ್ಟಿದ್ದರು. ನೇರವಾಗಿ ಹೇಳಿದೆವು: ಆಪರೇಷನ್‌ನಲ್ಲಿ ಇದು ಒಮ್ಮೆಲೇ ಕುಸಿಯುತ್ತದೆ, ನಿಮಿರುವಿಕೆಯ ನರ ಉಳಿಸಿದರೂ ಚೇತರಿಕೆಗೆ ಒಂದೆರಡು ವರ್ಷ ಬೇಕು, ರೇಡಿಯೇಷನ್‌ನಲ್ಲಿ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಆಪರೇಷನ್ ಆದಮೇಲೆ ಸುಖದ ಅನುಭವ ಇರಬಹುದು, ವೀರ್ಯ ಬರುವುದಿಲ್ಲ. ನಿಮಿರುವಿಕೆಗೆ ಮಾತ್ರೆಗಳಿವೆ, ಆದರೆ ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅವನ್ನು ಮುಟ್ಟಬಾರದು. ಇದನ್ನು ಆಪರೇಷನ್ ಆದ ಮೇಲೆ ತಿಳಿಯುವ ದಂಪತಿಗಳ ಸಂಕಟ ದೊಡ್ಡದು; ಮೊದಲೇ ಕೇಳಿಸಿಕೊಳ್ಳುವುದು ಅವರ ಹಕ್ಕು.

ಇಬ್ಬರು ವೈದ್ಯರಿಗೂ ಕೇಳಬೇಕಾದ್ದನ್ನು ಬರೆದುಕೊಟ್ಟೆವು. ಸರ್ಜನ್‌ಗೆ: ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ? ನಿಮ್ಮ ರೋಗಿಗಳಲ್ಲಿ ಒಂದು ವರ್ಷಕ್ಕೆ ಪ್ಯಾಡ್ ಬಿಟ್ಟವರೆಷ್ಟು? ನನಗೆ ಎರಡೂ ಬದಿ ನರ ಉಳಿಸಬಹುದೇ? ರೋಬೋಟ್ ಇದೆಯೇ ಅನ್ನುವುದು ಇವುಗಳ ನಂತರದ ಪ್ರಶ್ನೆ. ಯಂತ್ರಕ್ಕಿಂತ ಅದನ್ನು ಹಿಡಿದ ಕೈ ಮುಖ್ಯ. ರೇಡಿಯೇಷನ್ ವೈದ್ಯರಿಗೆ: 20 ಸಿಟ್ಟಿಂಗ್‌ನಲ್ಲಿ 60 ಗ್ರೇಯೋ (ಗ್ರೇ ಎಂದರೆ ಕಿರಣದ ಅಳತೆ), 5 ಸಿಟ್ಟಿಂಗ್‌ನದೋ? ಹಾರ್ಮೋನ್ ಬೇಕೇ, ಎಷ್ಟು ತಿಂಗಳು? 21 ಅಂಕದ ಮೂತ್ರ ತೊಂದರೆಗೆ ನಿಮ್ಮ ಯೋಜನೆ ಏನು? ಈ ಕೊನೆಯ ಪ್ರಶ್ನೆ ಕೇಳಿದಾಗ ರೇಡಿಯೇಷನ್ ವೈದ್ಯರೇ ಆಪರೇಷನ್ ಒಳ್ಳೆಯದು ಅಂದರಂತೆ.

ಮೂರು ತಿಂಗಳ ಸಕ್ಕರೆ ಸರಾಸರಿ, ಎಚ್‌ಬಿಎ1ಸಿ, 9.2 ಇತ್ತು. ಹಾಗೇ ಆಪರೇಷನ್ ಮಾಡಿದರೆ ಸೋಂಕು ಹೆಚ್ಚು, ಗಾಯ ಮಾಯುವುದು ನಿಧಾನ. ಯೋಚಿಸಲು ಸಿಕ್ಕ ಸಮಯವನ್ನು ಇದಕ್ಕೆ ಬಳಸಿದರು. ಹತ್ತು ವಾರದಲ್ಲಿ 7.7ಕ್ಕೆ ಇಳಿಯಿತು. ಜೊತೆಗೆ ಶ್ರೋಣಿಯ (ಕಿಬ್ಬೊಟ್ಟೆಯ ತಳದ) ಸ್ನಾಯುಗಳ ವ್ಯಾಯಾಮ: ಮೂತ್ರ ಮತ್ತು ಗಾಳಿಯನ್ನು ಒಟ್ಟಿಗೆ ತಡೆಯುವಂತೆ ಬಿಗಿದು 5ರಿಂದ 10 ಸೆಕೆಂಡ್ ಹಿಡಿಯಬೇಕು, ಅಷ್ಟೇ ಹೊತ್ತು ಸಡಿಲಬಿಡಬೇಕು, ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು. ಹೆಚ್ಚಿನವರು ತಪ್ಪುವುದು ಇಲ್ಲೇ. ಕ್ಯಾತಿಟರ್ ಒಳಗಿರುವಾಗ ಮಾಡಕೂಡದು, ತೆಗೆದ ದಿನವೇ ಮತ್ತೆ ಶುರು.

ಮನೆಗೆ ಕೊಟ್ಟ ಎಚ್ಚರಿಕೆಗಳು ಹೀಗಿದ್ದವು. ಕ್ಯಾತಿಟರ್ ಒಂದರಿಂದ ಎರಡು ವಾರ. ಅದರಲ್ಲಿ ಮೂತ್ರ ನಿಂತರೆ ಅಥವಾ ಅದು ಜಾರಿ ಬಂದರೆ ಹತ್ತಿರ ಸಿಕ್ಕವರಿಂದ ಹೊಸದು ಹಾಕಿಸಬಾರದು; ಹೊಸ ಹೊಲಿಗೆ ಹರಿಯಬಹುದು, ಆಪರೇಷನ್ ಮಾಡಿದ ತಂಡಕ್ಕೇ ಹೇಳಬೇಕು. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಉಸಿರಾಟ ಕಷ್ಟವಾಗುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣ, ತಕ್ಷಣ ಆಸ್ಪತ್ರೆ. ಆರು ವಾರ 5 ಕಿಲೋಗಿಂತ ಹೆಚ್ಚು ಎತ್ತಬಾರದು. ಸೋರುತ್ತದೆಂದು ನೀರು ಕಡಿಮೆ ಮಾಡಬಾರದು; ಕಾಫಿ, ಟೀ ಕಡಿಮೆ ಮಾಡಿ.

ಆಪರೇಷನ್ ಆಯಿತು. ತೆಗೆದ ಗ್ರಂಥಿಯ ವರದಿಯಲ್ಲಿ "ಅಂಚಿನಲ್ಲಿ ಕ್ಯಾನ್ಸರ್ ಕೋಶ" ಎಂದಿತ್ತು, ಒಂದೇ ಕಡೆ, 2 ಮಿಲಿಮೀಟರ್. ಮಗ ಗಾಬರಿಯಾಗಿ, ಕೂಡಲೇ ರೇಡಿಯೇಷನ್ ಕೊಡಿಸಬೇಕೇ ಎಂದು ಕೇಳಿದ. ಅಂಚಿನಲ್ಲಿ ಕೋಶ ಕಂಡರೆ ಒಳಗೆ ರೋಗ ಉಳಿದೇ ಇದೆ ಎಂದಲ್ಲ. ಪಿಎಸ್‌ಎ ಏರಿದಾಗ ಬೇಗನೆ ರೇಡಿಯೇಷನ್ ಕೊಟ್ಟರೂ ಫಲ ಕಡಿಮೆಯಾಗದು, ಮುಂಚಿತವಾಗಿ ಎಲ್ಲರಿಗೂ ಕೊಟ್ಟರೆ ಮೂತ್ರದ ತೊಂದರೆ ಹೆಚ್ಚು ಎಂದು ಆಪರೇಷನ್ ಆದವರ ಮೇಲೆ ನಡೆದ ರ‍್ಯಾಡಿಕಲ್ಸ್ ಅಧ್ಯಯನ ತೋರಿಸಿದೆ. ವೈದ್ಯರ ಜೊತೆ ಮಾತಾಡಿ ಕಾಯಲು ಒಪ್ಪಿದರು. ಎಂಟನೇ ವಾರದ ಪಿಎಸ್‌ಎ 0.1ಕ್ಕಿಂತ ಕಡಿಮೆ.

ಐದನೇ ತಿಂಗಳಲ್ಲಿ ದಿನಕ್ಕೆ ಒಂದು ಪ್ಯಾಡ್, ಅದೂ ಭಾರ ಎತ್ತಿದ ದಿನ ಮಾತ್ರ ಒದ್ದೆ. ರಾತ್ರಿ ಏಳುವುದು ಒಂದೇ ಸಲ. ಒಂದು ವರ್ಷವಾದರೂ ಸೋರಿಕೆ ಕೆಲಸಕ್ಕೆ ಅಡ್ಡಿಯಾದರೆ ಸ್ಲಿಂಗ್ (ಮೂತ್ರನಾಳಕ್ಕೆ ಆಸರೆಯ ಪಟ್ಟಿ) ಅಥವಾ ಕೃತಕ ಸ್ಫಿಂಕ್ಟರ್ (ಮೂತ್ರ ತಡೆಹಿಡಿಯುವ ಬಳೆಯಂಥ ಸಾಧನ) ಬಗ್ಗೆ ಸರ್ಜನ್‌ನನ್ನು ಕೇಳಬೇಕು. ಪಿಎಸ್‌ಎ ಸದ್ಯಕ್ಕೆ ಮೂರು ತಿಂಗಳಿಗೊಮ್ಮೆ, ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ, 0.2 ಮುಟ್ಟಿ, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ರೇಡಿಯೇಷನ್ ವೈದ್ಯರ ಬಳಿ ಹೋಗಬೇಕು.