ಆ ಸದ್ದು ಯಾರದ್ದು?

ಪತ್ರ: ಕಳೆದ ಸಂಚಿಕೆಯಲ್ಲಿ ಡೆಲಿಯಾ ಡರ್ಬಿಶೈರ್ ಅವರಿಗೆ ಎರಡು ಪುಟ ಕೊಟ್ಟಿದ್ದೀರಿ. ಬಿಬಿಸಿಯ ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಯ ಟ್ಯೂನ್ ರಾನ್ ಗ್ರೇನರ್ ಅವರದ್ದು. ಈಕೆ ಅದನ್ನು ಮಷೀನಿನಲ್ಲಿ ನುಡಿಸಿದರು, ಅಷ್ಟೇ. ಸಹಾಯಕರಿಗೆಲ್ಲ ಇಷ್ಟು ಜಾಗ ಯಾಕೆ? – ಒಬ್ಬ ಹಳೆಯ ಓದುಗ

ಉತ್ತರ: ಟ್ಯೂನ್ ಗ್ರೇನರ್ ಅವರದ್ದೇ. ಒಪ್ಪಿದೆ. ಆದರೆ ‘ಮಷೀನಿನಲ್ಲಿ ನುಡಿಸಿದರು’ ಅಂದಿರಲ್ಲ, ಯಾವ ಮಷೀನು ಸ್ವಾಮಿ?

ಆ ಟ್ಯೂನ್ ತಯಾರಾದದ್ದು 1963ರಲ್ಲಿ, ಕಾರ್ಯಕ್ರಮಗಳಿಗೆ ಹೊಸ ಬಗೆಯ ಸದ್ದು ಮಾಡಿಕೊಡುವ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್‌ನಲ್ಲಿ. ಅಲ್ಲಿ ಆಗ ಸಿಂಥಸೈಜರೇ ಇರಲಿಲ್ಲ. ಇದ್ದದ್ದು ಉಪಕರಣ ಪರೀಕ್ಷೆಗೆ ಬಳಸುವ, ಒಂದೇ ಸಮನೆ ನಾದ ಹೊರಡಿಸುವ ಆಸಿಲೇಟರುಗಳು, ಟೇಪು, ಬ್ಲೇಡು. ಒಂದು ತಂತಿ ಮೀಟಿದ ಸದ್ದನ್ನು ಟೇಪಿಗೆ ಹಿಡಿದರು. ಅದರ ವೇಗ ಏರಿಸಿ ಇಳಿಸಿ ಬೇರೆ ಬೇರೆ ಸ್ವರ ತೆಗೆದರು. ಒಂದೊಂದು ಸ್ವರಕ್ಕೂ ಟೇಪನ್ನು ಅಳೆದು, ಕತ್ತರಿಸಿ, ಅಂಟಿಸಿದರು. ಜೊತೆಗಿದ್ದದ್ದು ಡಿಕ್ ಮಿಲ್ಸ್ ಒಬ್ಬರೇ. ಬೇರೆ ಬೇರೆ ಟೇಪ್ ಮಷೀನುಗಳನ್ನು ಒಂದೇ ಕ್ಷಣಕ್ಕೆ ಶುರು ಮಾಡಿ ಎಲ್ಲವನ್ನೂ ಕೂಡಿಸಬೇಕಿತ್ತು. ಗ್ರೇನರ್ ಕೊಟ್ಟ ಹಾಳೆಯಲ್ಲಿ ಗಾಳಿ ಗುಳ್ಳೆ, ಮೋಡ ಅನ್ನುವಂಥ ಸೂಚನೆಗಳಿದ್ದವು. ಅದನ್ನು ಯಾವ ಪಿಟೀಲಿನವರ ಕೈಗೆ ಕೊಡ್ತೀರಿ?

ಕೇಳಿದ ಗ್ರೇನರೇ ದಂಗಾಗಿ, ಇದನ್ನು ನಾನು ಬರೆದೆನಾ ಅಂದರಂತೆ. ದೊಡ್ಡ ಮನುಷ್ಯ, ಈಕೆಗೂ ಪಾಲು ಸಿಗಲಿ ಎಂದು ಕೇಳಿದರು. ಆದರೆ ವರ್ಕ್‌ಶಾಪಿನವರಿಗೆ ಹೆಸರಿಲ್ಲ ಅನ್ನುವುದು ಆಗಿನ ಬಿಬಿಸಿಯ ಕಟ್ಟಳೆ. ಡೆಲಿಯಾ ಹೆಸರು ತೆರೆಯ ಮೇಲೆ ಬಂದದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಕೊಂಡು 12 ವರ್ಷ.

ಈಕೆ ಸುಮ್ನೆ ಗುಂಡಿ ಒತ್ತುವವರಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಬಾಂಬು ಬೀಳುವಾಗ ಸೈರನ್ ಕೇಳುತ್ತಾ ಬೆಳೆದ ಮಗು. ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ ಮತ್ತು ಸಂಗೀತ. 1959ರಲ್ಲಿ ಡೆಕ್ಕಾ ಕಂಪನಿಗೆ ಹೋದರೆ, ರೆಕಾರ್ಡಿಂಗ್ ಸ್ಟುಡಿಯೋಗೆ ಹೆಂಗಸರನ್ನು ತಗೊಳ್ಳಲ್ಲ ಅಂದರು. ಅವರ ಮೆಚ್ಚಿನ ವಾದ್ಯ ಏನು ಗೊತ್ತಾ? ಹಸಿರು ಬಣ್ಣದ ತಗಡಿನ ಲ್ಯಾಂಪ್‌ಶೇಡು! ಅದನ್ನು ಬಡಿದು, ಬಡಿದ ಸದ್ದನ್ನು ಕತ್ತರಿಸಿ ಎಸೆದು, ಉಳಿದ ಗುಂಯ್‌ ನಾದವನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು. 1973ರಲ್ಲಿ ಬಿಬಿಸಿ ಬಿಟ್ಟರು. ಗ್ಯಾಸ್ ಪೈಪ್‌ಲೈನ್ ಹಾಕುವ ಕಡೆ ರೇಡಿಯೋ ಆಪರೇಟರ್ ಆಗಿಯೂ ದುಡಿದರು. ಸತ್ತ ಮೇಲೆ ಅವರ ಅಟ್ಟದಲ್ಲಿ ಸಿಕ್ಕಿದ್ದು 267 ಟೇಪು.

ನಿಮಗೆ ಸಂಗೀತದ ಕಿವಿ ಇದೆ, ಪತ್ರ ಓದಿದರೇ ಗೊತ್ತಾಗುತ್ತದೆ. ಅದಕ್ಕೇ ‘ಸಹಾಯಕರು’ ಅನ್ನುವ ಪದ ನೋಡಿ ಬೇಜಾರಾಯಿತು. ಕಚೇರಿಯ ಪೋಸ್ಟರಿನಲ್ಲಿ ಪಕ್ಕವಾದ್ಯದವರ ಹೆಸರಿಗೆ ಭೂತಕನ್ನಡಿ ಬೇಕು. ಮೈಕಿನವರದ್ದಂತೂ ಇರುವುದೇ ಇಲ್ಲ. ಈಗಿನ ಆ್ಯಪ್‌ಗಳೋ, ಕೊನೆಯಲ್ಲಿ ಹೆಸರುಗಳು ಶುರುವಾಗುತ್ತಲೇ ಮುಂದಿನ ಕಂತಿಗೆ ತಳ್ಳಿಬಿಡುತ್ತವೆ. ಎದ್ದು ಹೋಗುವ ಪುರುಸೊತ್ತೂ ಇಲ್ಲ, ಓದುವ ಪುರುಸೊತ್ತೂ ಇಲ್ಲ.

ಅಂದಹಾಗೆ, ನಿಮ್ಮ ಪತ್ರದಲ್ಲಿ ಡರ್ಬಿಶೈರ್ ಹೆಸರು ಮೂರು ಕಡೆ ಮೂರು ಥರ ಇತ್ತು. ನಮ್ಮ ಕರಡು ತಿದ್ದುವವರು ಪತ್ರವನ್ನು ಇಷ್ಟಕ್ಕೆ ಇಳಿಸಿ, ಹೆಸರನ್ನೂ ಸರಿ ಮಾಡಿದರು. ಅವರು ಇಲ್ಲಿಗೆ ಬಂದು 19 ವರ್ಷವಾಯಿತು. ಅವರ ಹೆಸರು ಪತ್ರಿಕೆಯಲ್ಲಿ ಒಮ್ಮೆಯೂ ಬಂದಿಲ್ಲ ಅಂತ ಇದನ್ನು ಬರೆಯುವಾಗ ಹೊಳೆಯಿತು. ಹಾಕೋಣವೇ ಅಂತ ಕೇಳಿದೆ. ‘ಜಾಗ ಇಲ್ಲ ಸಾರ್’ ಅಂದರು.