ಟ್ರ್ಯಾಕಿಗೆ ಹೋದ ಟೈರು ಮನೆಗೂ ಬರಬೇಕಲ್ವಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಕೆಟಿಎಂ 390 ಡ್ಯೂಕ್. ಕೆಲಸಕ್ಕೆ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಾಟಿನಲ್ಲೇ ಓಡಾಟ. ಈ ಸಲ ಮಳೆ ಮುಗಿದ ಮೇಲೆ ನಾವು ಗೆಳೆಯರು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇಗೆ, ಅಂದರೆ ನಮ್ಮಂಥವರೂ ರೇಸ್ ಟ್ರ್ಯಾಕಿನಲ್ಲಿ ಬೈಕ್ ಓಡಿಸುವ ದಿನಕ್ಕೆ, ಹೋಗಬೇಕು ಅಂತಿದ್ದೇವೆ. ಬೈಕ್ ಓಡಿಸಿಕೊಂಡೇ ಹೋಗುವುದು. ಎರಡೂ ಟೈರು ಸವೆದಿವೆ. ಗ್ರಿಪ್ ಬೇಕು, ಬಾಳಿಕೆಯೂ ಬೇಕು. ಒಬ್ಬ ಗೆಳೆಯ ರೇಸಿನ ಮೆದು ಟೈರೇ ಹಾಕಿಸು ಅನ್ನುತ್ತಾನೆ. ಕಾರಿನವರು ಟ್ರೆಡ್‌ವೇರ್ 200 ಇರುವುದನ್ನು ಹುಡುಕು ಅನ್ನುತ್ತಾರೆ. ನನ್ನ ಟೈರಿನ ಮೇಲೆ ಆ ನಂಬರೇ ಇಲ್ಲ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ಮೊದಲು ಆ ನಂಬರಿನ ವಿಷಯ ಮುಗಿಸೋಣ. ಟೈರು ಎಷ್ಟು ಬೇಗ ಸವೆಯುತ್ತದೆ ಅಂತ ಹೇಳುವ ಈ ಟ್ರೆಡ್‌ವೇರ್ ಅಂಕಿ ಕಾರಿನ ಟೈರಿಗೆ ಮಾತ್ರ. 200 ಅಂದರೆ ಮೆದು, ಬೇಗ ಸವೆಯುತ್ತದೆ. 400 ಅಂದರೆ ಗಟ್ಟಿ, ಜಾಸ್ತಿ ಬಾಳುತ್ತದೆ. ಅದನ್ನೂ ಕಂಪನಿಯವರು ತಾವೇ ಪರೀಕ್ಷೆ ಮಾಡಿ ಹಾಕುವುದು. ಬೈಕಿನ ಟೈರಿನ ಮೇಲೆ ನೀವು ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ.

ಇನ್ನು ರೇಸಿನ ಮೆದು ಟೈರು. ದಯವಿಟ್ಟು ಬೇಡ. ಕಾರವಾರದ ನನ್ನ ಅಂಗಡಿಗೆ ಬಂದು ಕೇಳುವ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಆ ರಬ್ಬರು ಬಿಸಿಯಾದಾಗ ಮಾತ್ರ ಹಿಡಿಯುತ್ತದೆ. ಟ್ರ್ಯಾಕಿನಲ್ಲಿ ಬ್ರೇಕು, ತಿರುವು, ಥ್ರಾಟಲ್ ಎಲ್ಲ ಸೇರಿ ಬೇಗ ಬಿಸಿ ಮಾಡುತ್ತವೆ. ಆಷಾಢದಲ್ಲಿ ದೇವಿಮನೆ ಇಳಿಯುವಾಗ ಎಲ್ಲಿಯ ಬಿಸಿ ಮಾರಾಯ್ರೇ? ರಸ್ತೆಯ ಮೇಲೆ ನೀರು ಹರಿಯುತ್ತಿರುತ್ತದೆ, ಗುಡ್ಡದ ಕೆಂಪು ಮಣ್ಣು ತಿರುವಿನಲ್ಲೇ ಬಂದು ಕೂತಿರುತ್ತದೆ. ಮೆದು ಟೈರಿನಲ್ಲಿ ನೀರು ಹೊರಗೆ ಹಾಕುವ ಗೀರುಗಳೂ ಕಡಿಮೆ. ಅಲ್ಲಿ ಮುಂದಿನ ಚಕ್ರ ಜಾರಿತು ಅಂದರೆ ಹಿಡಿದು ನಿಲ್ಲಿಸುವುದಕ್ಕೆ ಟೈಮೇ ಇರುವುದಿಲ್ಲ.

ಬಾಳಿಕೆಯ ಲೆಕ್ಕದಲ್ಲೂ ಅದು ನಷ್ಟವೇ. ಶಿರಸಿಯಿಂದ ಕೊಯಮತ್ತೂರಿಗೆ 500 ಕಿಲೋಮೀಟರಿಗೂ ಜಾಸ್ತಿ. ಹೆಚ್ಚಿನದು ನೇರ ರಸ್ತೆ. ನೇರ ಓಡಿದಷ್ಟೂ ಹಿಂದಿನ ಟೈರಿನ ನಡುಭಾಗ ತೇಯುತ್ತದೆ, ಟೈರು ಚಪ್ಪಟೆಯಾಗುತ್ತದೆ. ಆಮೇಲೆ ಬೈಕ್ ವಾಲಿಸುವಾಗ ಆ ಚಪ್ಪಟೆಯ ಅಂಚು ದಾಟಬೇಕು. ಅಲ್ಲಿ ಬೈಕು ಒಮ್ಮೆ ತಡೆದು, ಆಮೇಲೆ ಧಡಕ್ಕನೆ ವಾಲುತ್ತದೆ. ಕರಿ ಟ್ರ್ಯಾಕು ಬರೀ 2.1 ಕಿ.ಮೀ., ಅದರಲ್ಲಿ ತಿರುವುಗಳದ್ದೇ ಕಾರುಬಾರು. ಚಪ್ಪಟೆ ಟೈರಿನಲ್ಲಿ ಅಲ್ಲಿ ಒಂದು ತಿರುವೂ ಹಿತವಾಗಿ ಬರುವುದಿಲ್ಲ.

ಹಾಗಾಗಿ ನಿಮಗೆ ಬೇಕಾಗಿರುವುದು ರಸ್ತೆಗೇ ಮಾಡಿದ ಸ್ಪೋರ್ಟ್ ಟೂರಿಂಗ್ ರೇಡಿಯಲ್ ಟೈರು, ಅಂದರೆ ದೂರದ ಓಟಕ್ಕೂ ವೇಗದ ತಿರುವಿಗೂ ಆಗುವಂಥದ್ದು. ಅದರಲ್ಲೂ ಡ್ಯುಯಲ್ ಕಾಂಪೌಂಡ್ ಇರುವುದು, ಅಂದರೆ ನಡುವೆ ಗಟ್ಟಿ ರಬ್ಬರು, ಎರಡೂ ಬದಿಗೆ ಮೆದು ರಬ್ಬರು. ಹೈವೇ ನಡುವಿನದನ್ನು ತಿನ್ನುತ್ತದೆ, ಟ್ರ್ಯಾಕು ಬದಿಯದನ್ನು. ಮಿಷೆಲಿನ್ ರೋಡ್ 5 ಈ ಜಾತಿಯದು. 2020ರ ಟಿವಿಎಸ್ ಅಪಾಚೆ ಆರ್‌ಆರ್ 310 ಬೈಕಿಗೆ ಕಂಪನಿಯಿಂದಲೇ ಅದು ಬಂತು. ಅದರ ಅಳತೆಯೂ ನಿಮ್ಮ ಡ್ಯೂಕಿನ ಅಳತೆಯೂ ಒಂದೇ: ಮುಂದೆ 110/70 ಆರ್17, ಹಿಂದೆ 150/60 ಆರ್17. ಮಳೆಯಲ್ಲಿ ಅದರ ಮೇಲೆ ನನಗೆ ಪೂರ್ತಿ ನಂಬಿಕೆ. ಅಪೊಲೊ, ಟಿವಿಎಸ್ ಯೂರೋಗ್ರಿಪ್, ಎಂಆರ್‌ಎಫ್ ಕೂಡ ಈಗ ರೇಡಿಯಲ್ ಮಾಡುತ್ತವೆ. ನಿಮ್ಮ ಅಳತೆಯಲ್ಲಿ ಇದೆಯಾ ಕೇಳಿ. ಯಾವುದೇ ಹಾಕಿಸಿ, ಮುಂದೆ ಹಿಂದೆ ಎರಡೂ ಒಂದೇ ಮಾಡೆಲ್ ಇರಲಿ.

ದಪ್ಪ ಕಾಣಲಿ ಅಂತ ಹಿಂದೆ 150ರ ಬದಲು 160 ಮಿ.ಮೀ. ಅಗಲದ ಟೈರು ಹಾಕಿಸುವವರಿದ್ದಾರೆ. ನಿಮ್ಮ ರಿಮ್ಮಿನ ಅಗಲ 4 ಇಂಚು. ಅದರಲ್ಲಿ 160 ಕೂರಿಸಿದರೆ ಟೈರು ಒತ್ತಿಕೊಂಡು ಚೂಪಾಗುತ್ತದೆ. ಅಂಚಿನ ರಬ್ಬರು ನೆಲ ಮುಟ್ಟುವುದೇ ಇಲ್ಲ. ದುಡ್ಡು ಕೊಟ್ಟು ಗ್ರಿಪ್ ಕಳೆದುಕೊಂಡ ಹಾಗೆ.

ಕೊಳ್ಳುವಾಗ ಟೈರಿನ ಬದಿಯಲ್ಲಿ ನಾಲ್ಕಂಕಿ ನೋಡಿ. 2325 ಅಂತಿದ್ದರೆ 2025ರ 23ನೇ ವಾರ ತಯಾರಾದದ್ದು. ಹಾಕಿಸಿದ ಮೇಲೆ ಮೊದಲ ನೂರು ನೂರೈವತ್ತು ಕಿಲೋಮೀಟರು ನಿಧಾನವಾಗಿ ಓಡಿಸಿ, ಹೊಸ ಟೈರಿನ ಮೇಲ್ಮೈ ಜಾರುತ್ತದೆ. ಅಂಗಡಿಯಿಂದ ಸೀದಾ ಘಾಟ್ ಇಳಿಯಬೇಡಿ.

ಈಗ ಅಸಲಿ ಮಾತು: ಗಾಳಿ. ಬಾಳಿಕೆಯೂ ಗ್ರಿಪ್ಪೂ ಬ್ರ್ಯಾಂಡಿಗಿಂತ ಜಾಸ್ತಿ ಇದರಲ್ಲೇ ಇದೆ. ಟೈರು ಸುಮಾರು 6 ಡಿಗ್ರಿ ಬಿಸಿಯೇರಿದರೆ ಒಳಗಿನ ಗಾಳಿಯ ಒತ್ತಡ 1 ಪಿಎಸ್ಐ (ಬಂಕಿನಲ್ಲಿ ಗಾಳಿ ಅಳೆಯುವ ಲೆಕ್ಕ) ಏರುತ್ತದೆ. 30 ಡಿಗ್ರಿ ಏರಿತು ಅಂದರೆ 5 ಪಿಎಸ್ಐ. ಊರಿನಿಂದ ಫುಲ್ ಹಾಕಿಸಿಕೊಂಡು ಹೋದ ಗಾಳಿಯಲ್ಲೇ ಟ್ರ್ಯಾಕಿಗಿಳಿದರೆ ಟೈರು ಉಬ್ಬಿ, ನೆಲಕ್ಕೆ ತಾಗುವ ಜಾಗ ಚಿಕ್ಕದಾಗುತ್ತದೆ. ಆ ಚಿಕ್ಕ ಜಾಗವೇ ಎಲ್ಲ ಕೆಲಸ ಮಾಡಿ ಕಾಯುತ್ತದೆ, ಹರಿಯುತ್ತದೆ. ಅದಕ್ಕೇ ಬೆಳಗ್ಗೆ ಟೈರು ತಣ್ಣಗಿರುವಾಗ, ಕಂಪನಿ ಹೇಳಿದ್ದಕ್ಕಿಂತ 2-3 ಪಿಎಸ್ಐ ಇಳಿಸಿ. ಟ್ರ್ಯಾಕಿನಲ್ಲಿ ಮೊದಲ ಸರದಿ (ಸೆಷನ್) ಮುಗಿಸಿ ಒಳಗೆ ಬಂದ ತಕ್ಷಣ, ಹೆಲ್ಮೆಟ್ ತೆಗೆಯುವ ಮೊದಲೇ ಅಳೆಯಿರಿ. ತಣ್ಣಗಿದ್ದಾಗಿನದಕ್ಕಿಂತ ಐದಾರಕ್ಕಿಂತ ಜಾಸ್ತಿ ಏರಿದ್ದರೆ ಸ್ವಲ್ಪ ಬಿಡಿ. ನಿಮ್ಮದೇ ಒಂದು ಒಳ್ಳೆಯ ಗೇಜ್ ಇಟ್ಟುಕೊಳ್ಳಿ. ಒಂದೊಂದು ಬಂಕಿನ ಮೀಟರು ಒಂದೊಂದು ಲೆಕ್ಕ ತೋರಿಸುತ್ತದೆ.

ಅಳೆದಾದ ಮೇಲೆ ಟೈರಿನ ಬದಿಯ ಮೇಲೆ ಕೈಯಾಡಿಸಿ. ಎಮರಿ ಪೇಪರಿನ ಹಾಗೆ ಸಣ್ಣಗೆ, ಒಂದೇ ಸಮ ಒರಟಾಗಿದ್ದರೆ ಟೈರು ಚೆನ್ನಾಗಿ ಕೆಲಸ ಮಾಡುತ್ತಿದೆ. ರಬ್ಬರು ಕಿತ್ತು ಬಂದು ಗುಳಿ ಬಿದ್ದಿದ್ದರೆ ವಿಪರೀತ ಕಾದಿದೆ. ಹಾಗಿದ್ದರೆ ಮುಂದಿನ ಸೆಷನ್ ಬಿಟ್ಟುಬಿಡಿ, ನೆರಳಿನಲ್ಲಿ ಆರಲಿ. ಹತ್ತಾರು ಸಲ ಹೀಗೆ ಕಾದು ಆರಿದ ಟೈರು, ಗೀರುಗಳು ಉಳಿದಿದ್ದರೂ, ಗಟ್ಟಿಯಾಗಿರುತ್ತದೆ. ಅದನ್ನು ಮುಂದಿನ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ.

ವಾಪಸ್ ಹೊರಡುವ ಮುಂಚೆ ಗಾಳಿ ಮತ್ತೆ ತುಂಬಿಸಿ. ದಿನವೆಲ್ಲ ದಣಿದಿರುತ್ತೀರಿ, ಮರೆತುಹೋಗುತ್ತದೆ. ಕಡಿಮೆ ಗಾಳಿಯಲ್ಲಿ, ಬೆನ್ನಿಗೆ ಬ್ಯಾಗು ಕಟ್ಟಿಕೊಂಡು ಹೈವೇ ಓಡಿಸುವುದು ಅಪಾಯ. ಅದಕ್ಕೇ ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಚೀಟಿ ಅಂಟಿಸಿಕೊಳ್ಳಿ. ಆ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಹೊರಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಹಿಂದಿನ ಟ್ಯೂಬ್‌ಲೆಸ್ ಟೈರಿಗೆ ಒಂದು ಪಂಕ್ಚರ್ ಹಾಕಿಸಿದ್ದೇನೆ. ಗಾಳಿ ಇಳಿಯುತ್ತಿಲ್ಲ. ಅದರಲ್ಲೇ ಟ್ರ್ಯಾಕ್ ಡೇಗೆ ಹೋಗಬಹುದಾ?
– ಓದುಗರು, ಹೊನ್ನಾವರ

ಉತ್ತರ: ಬೇಡ. ತೂತು ಮುಚ್ಚಲು ಹೊರಗಿನಿಂದ ತುರುಕಿದ ಆ ರಬ್ಬರ್ ಪಟ್ಟಿ ನಿಮ್ಮನ್ನು ಮನೆ ಮುಟ್ಟಿಸುವುದಕ್ಕೆ ಸಾಕು. ಟ್ರ್ಯಾಕಿನ ಬಿಸಿಗೆ, ಬಾಗಿದಾಗಿನ ಒತ್ತಡಕ್ಕೆ ಅದು ಕಿತ್ತು ಬರಬಹುದು. ಆಗ ಬೀಳುವುದು ನೀವು ಒಬ್ಬರೇ ಅಲ್ಲ, ಹಿಂದೆ ಬರುವವನೂ ಬೀಳುತ್ತಾನೆ. ಹೊಸ ಟೈರಿಗೆ ದುಡ್ಡು ಸೇರುವವರೆಗೆ ಟ್ರ್ಯಾಕ್ ಡೇ ಮುಂದೂಡಿ.