ಮೈ ಹರಿದುಕೊಂಡ ಗೋಲ್ಡ್‌ಫಿಶ್ ಉಳಿಯುತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಮ್ಮನೇಲಿ 100 ಲೀಟರ್ ಟ್ಯಾಂಕಲ್ಲಿ ನಾಲ್ಕು ಗೋಲ್ಡ್‌ಫಿಶ್ ಇದಾವೆ. ಅದ್ರಲ್ಲಿ ಒಂದು ಒರಾಂಡಾ, ನಾಲ್ಕು ವರ್ಷದ್ದು, ಮಗಳು ಗುಂಡಣ್ಣ ಅಂತ ಹೆಸರಿಟ್ಟಿದಾಳೆ. ಮೊನ್ನೆ ರಾತ್ರಿ ಫಿಲ್ಟರ್ ನೀರೆಳೆಯೋ ಪೈಪಿನ ಜಾಲರಿ ಕಳಚ್ಕೊಂಡು ಬಿದ್ದಿದೆ, ನಮಗೆ ಗೊತ್ತಾಗಿಲ್ಲ, ಬೆಳಿಗ್ಗೆ ನೋಡಿದ್ರೆ ಗುಂಡಣ್ಣ ಪೈಪಿಗೆ ಅಂಟ್ಕೊಂಡು ನಿಂತಿತ್ತು. ಬಿಡಿಸಿದ್ವಿ. ಎಡಗಡೆ ಪಕ್ಕೆಯ ಹುರುಪೆ ಕಿತ್ತು ಹೋಗಿ ಹೆಬ್ಬೆಟ್ಟಿನ ಉಗುರಿನಷ್ಟು ಜಾಗದಲ್ಲಿ ಕೆಂಪು ಮಾಂಸ ಕಾಣ್ತಿದೆ, ಬಾಲ ಅರ್ಧ ಸೀಳಿದೆ, ಎಡಗಣ್ಣು ಊದ್ಕೊಂಡು ಮಂಜು ಮಂಜಾಗಿದೆ. ಉಳಿದ ಮೀನುಗಳು ಗಾಯ ಕುಕ್ಕೋಕೆ ಶುರು ಮಾಡಿದ್ವು ಅಂತ 25 ಲೀಟರ್ ನೀರಿರೋ ಪ್ಲಾಸ್ಟಿಕ್ ಟಬ್‌ಗೆ ಹಾಕಿದೀವಿ, ಏರ್ ಪಂಪ್ ಇದೆ. ಗಾಬರೀಲಿ ಎರಡು ಹಿಡಿ ಉಪ್ಪು, ಮೆಥಿಲೀನ್ ಬ್ಲೂ ಎರಡೂ ಹಾಕ್ಬಿಟ್ಟೆ. ಇವತ್ತು ಇನ್ನೊಬ್ಬರು ಆಂಟಿಬಯಾಟಿಕ್ ಪುಡಿನೂ ಹಾಕಿ ಅಂತಿದಾರೆ. ಊಟ ಮುಟ್ತಿಲ್ಲ, ತಳದಲ್ಲೇ ಕೂತಿರತ್ತೆ. ಟಬ್ ಹತ್ರ ಹೋದ್ರೆ ಮಾತ್ರ ತಿರುಗಿ ನೋಡಿ ಒಂದ್ಚೂರು ಬಾಲ ಆಡಿಸತ್ತೆ. ಉಳಿಯುತ್ತಾ? ಏನು ಮಾಡ್ಲಿ?

ಉತ್ತರ: ನಿಮ್ಮ ಕಾಗದದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಕೊನೇಲಿ ಬರ್ದಿದೀರಲ್ಲ, ಹತ್ರ ಹೋದ್ರೆ ತಿರುಗಿ ನೋಡತ್ತೆ ಅಂತ, ಅದು. ಅಷ್ಟು ಗಾಯ ಆಗಿರೋ ಮೀನು ನಿಮ್ಮನ್ನ ಗುರುತಿಸಿ ಬಾಲ ಆಡಿಸ್ತಿದೆ ಅಂದ್ರೆ ಆಸೆ ಇಟ್ಕೊಳ್ಳಬಹುದು. ಗೋಲ್ಡ್‌ಫಿಶ್ ಜೀವ ಗಟ್ಟಿ. ಬೇರೆ ಮಾಡಿದ್ದು ಒಳ್ಳೇದಾಯ್ತು, ಕುಕ್ಕೋ ಮೀನುಗಳ ಮಧ್ಯೆ ಯಾವ ಗಾಯನೂ ಮಾಯಲ್ಲ. ಆದ್ರೆ ದಯವಿಟ್ಟು ಆ ಪುಡಿ ಹಾಕ್ಬೇಡಿ. ಇವತ್ತಂತೂ ಬೇಡ.

ಯಾಕೆ ಅಂತ ಹೇಳ್ತೀನಿ. ನಮಗೆ ಗಾಯ ಆದ್ರೆ ಗಾಳಿ ತಾಗಿ ಹಕ್ಕಳೆ ಕಟ್ಟತ್ತೆ. ನೀರೊಳಗಿರೋ ಮೀನಿಗೆ ಹಾಗೆ ಒಣಗಿದ ಹಕ್ಕಳೆ ಕಟ್ಟಲ್ಲ. ಅದ್ರ ಬದಲು ಗಾಯದ ಸುತ್ತ ಇರೋ ಚರ್ಮದ ಜೀವಕೋಶಗಳು ಜರುಗಿ ಜರುಗಿ ಬಂದು ಮೇಲೆ ತೆಳ್ಳಗೆ ಒಂದು ಹೊದಿಕೆ ಹಾಸ್ತಾವೆ. ಸಣ್ಣ ತರಚು ಗಾಯ ಆದ್ರೆ ಇದು ಕೆಲವೇ ಗಂಟೆಗಳ ಕೆಲಸ, ನಿಮ್ಮ ಗುಂಡಣ್ಣನಿಗೆ ಆಗಿರೋ ಅಂಥ ಗಾಯಕ್ಕೆ ಜಾಸ್ತಿ ದಿನ ಬೇಕು. ಈ ಕೆಲಸ ಮೀನೇ ಮಾಡ್ಕೊಳ್ಳತ್ತೆ, ಯಾವ ಬಾಟ್ಲಿ ಔಷಧಿನೂ ಅದನ್ನ ಮಾಡ್ಕೊಡಲ್ಲ. ನೀರು ಕೆಟ್ಟಿದ್ರೆ ಮಾತ್ರ ಮೀನಿಗೂ ಇದು ಆಗಲ್ಲ. ಮೀನಿನ ಗಲೀಜಿಂದ ಬರೋ ಅಮೋನಿಯ ಇರೋ ನೀರು ಕಿವಿರನ್ನೂ ಹಸಿ ಗಾಯಾನೂ ಸುಡತ್ತೆ. ಹಾಗಾಗಿ ನಿಮ್ಮ ಕೈಲಿರೋ ನಿಜವಾದ ಔಷಧಿ ಅಂದ್ರೆ ನೀರು ಬದಲಾಯಿಸೋ ಬಕೆಟ್ಟೇ. ನಾನು ಮೀನು ಸಾಕೋಕೆ ಶುರು ಮಾಡಿದ ವರ್ಷ ಗಾಯ ಆದ ಒಂದು ಮೀನಿಗೆ ಮೂರು ಔಷಧಿ ಒಟ್ಟಿಗೆ ಸುರಿದು ನಾಲ್ಕೇ ದಿನದಲ್ಲಿ ಕಳ್ಕೊಂಡೆ. ಗಾಯ ಚಿಕ್ಕದಿತ್ತು. ಇವತ್ತಿಗೂ ಅದು ನೆನಪಾದ್ರೆ ಸಂಕಟ ಆಗತ್ತೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಈಗ ಉಪ್ಪಿನ ವಿಷಯ. ಉಪ್ಪು ಹಾಕಿದ್ದು ತಪ್ಪಲ್ಲ, ಅಳತೆ ಇಲ್ದೆ ಒಂದೇ ಸಲ ಹಾಕಿದ್ದು ತಪ್ಪು. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು, ಲೀಟರಿಗೆ ಹೆಚ್ಚುಕಮ್ಮಿ 8-9 ಗ್ರಾಂ ಉಪ್ಪು ಕರಗಿಸಿದಷ್ಟು. ಹಾಗಾಗಿ ನೀರು ಯಾವಾಗ್ಲೂ ಮೈಯೊಳಗೆ ನುಗ್ತಾನೇ ಇರತ್ತೆ, ಮೀನು ಅದನ್ನ ಮೂತ್ರ ಮಾಡಿ ಹೊರಗೆ ಹಾಕ್ತಾನೇ ಇರತ್ತೆ. ಚರ್ಮ, ಹುರುಪೆ, ಮೇಲಿನ ಲೋಳೆ ಇವೆಲ್ಲ ಸೇರಿ ಆ ನುಗ್ಗೋದನ್ನ ತಡೆಯೋ ಗೋಡೆ ಇದ್ದಂಗೆ, ಈಗ ಆ ಗೋಡೆಗೇ ತೂತು ಬಿದ್ದಿದೆ. ಟಬ್ ನೀರಿಗೆ ಸ್ವಲ್ಪ ಉಪ್ಪು ಸೇರಿಸಿದ್ರೆ ಒಳಗೂ ಹೊರಗೂ ಇರೋ ಅಂತರ ಕಮ್ಮಿ ಆಗಿ ಮೀನಿನ ಮೂತ್ರಪಿಂಡಕ್ಕೆ ಅಷ್ಟು ಹೊರೆ ಇಳಿಯತ್ತೆ, ಆ ಶಕ್ತಿ ಗಾಯ ಮಾಯೋಕೆ ಸಿಗತ್ತೆ. ಉಪ್ಪಿನ ದೊಡ್ಡ ಉಪಯೋಗ ಇದು.

ಒಂದು ಹಿಡಿ ಅಂದ್ರೆ ಒಬ್ಬೊಬ್ಬರ ಕೈಗೆ ಒಂದೊಂದು ಲೆಕ್ಕ, 40 ಗ್ರಾಂ ಇರಬಹುದು, 60 ಇರಬಹುದು. ಎರಡು ಹಿಡಿ 25 ಲೀಟರಿಗೆ ಅಂದ್ರೆ ಲೀಟರಿಗೆ 3ರಿಂದ 5 ಗ್ರಾಂ ಮಧ್ಯೆ ಎಲ್ಲೋ ಇದೆ. ಗೋಲ್ಡ್‌ಫಿಶ್ 3 ಗ್ರಾಂವರೆಗೆ ಆರಾಮಾಗಿ ತಡ್ಕೊಳ್ಳತ್ತೆ, ನಮಗೆ 2 ಗ್ರಾಂ ಸಾಕು. ಇವತ್ತು ಅರ್ಧ ನೀರು ತೆಗೆದು ಉಪ್ಪಿಲ್ಲದ ನೀರು ನಿಧಾನಕ್ಕೆ ತುಂಬಿ, ಸರಿಸುಮಾರು ಅಲ್ಲಿಗೇ ಬರತ್ತೆ. ಆಮೇಲೆ ನೆನಪಿಡಿ, ನೀರು ಆವಿಯಾಗಿ ಹೋಗತ್ತೆ, ಉಪ್ಪು ಹೋಗಲ್ಲ. ಹಾಗಾಗಿ ನಾಳೆಯಿಂದ ಎಷ್ಟು ನೀರು ತೆಗೀತೀರೋ ಅಷ್ಟಕ್ಕೆ ಮಾತ್ರ ಉಪ್ಪು ಸೇರಿಸ್ಬೇಕು. 10 ಲೀಟರ್ ತೆಗೆದ್ರೆ ಹೊಸ 10 ಲೀಟರಿಗೆ 20 ಗ್ರಾಂ, ತಕ್ಕಡೀಲಿ ತೂಗಿ, ಮೊದ್ಲೇ ಬಕೆಟ್ಟಲ್ಲಿ ಪೂರ್ತಿ ಕರಗಿಸಿ. ಬೇರೇನೂ ಬೆರೆಸದ ಸಾದಾ ಉಪ್ಪು ಆದ್ರೆ ಆಯ್ತು. ಇದನ್ನ ಓದ್ತಿರೋ ಬೇರೆಯವ್ರಿಗೂ ಒಂದು ಮಾತು, ಈ ಲೆಕ್ಕ ಗೋಲ್ಡ್‌ಫಿಶ್‌ಗೆ. ಕೋರಿಡೋರಸ್, ಲೋಚ್ ಥರದ ಹುರುಪೆ ಇಲ್ಲದ ಅಥವಾ ಸೂಕ್ಷ್ಮ ಮೀನುಗಳಿಗೆ ಇಷ್ಟು ಹಾಕ್ಬೇಡಿ, ಗಿಡ ಇರೋ ಟ್ಯಾಂಕಿಗಂತೂ ಬೇಡವೇ ಬೇಡ.

ಮೆಥಿಲೀನ್ ಬ್ಲೂ ಬಗ್ಗೆ ಹೇಳ್ಬೇಕಂದ್ರೆ, ಅದು ಬೂಷ್ಟು ಹಿಡಿಯೋದನ್ನ ತಡೆಯೋಕೆ ಒಳ್ಳೇದೇ, ಆದ್ರೆ ಫಿಲ್ಟರಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾನೂ ಕೊಲ್ಲತ್ತೆ. ನಿಮಗೆ ಈಗ ಆ ಬ್ಯಾಕ್ಟೀರಿಯಾ ಬೇಕು. ನೀರು ಬದಲಾಯಿಸ್ತಾ ಬಂದಂಗೆ ಎರಡು ಮೂರು ದಿನದಲ್ಲಿ ನೀಲಿ ತಿಳಿಯಾಗತ್ತೆ, ಆಗ ದೊಡ್ಡ ಟ್ಯಾಂಕಿನ ಫಿಲ್ಟರಿಂದ ಒಂದು ತುಂಡು ಹಳೇ ಸ್ಪಾಂಜ್ ತಂದು, ತೊಳೀದೆ ಹಾಗೇ, ಏರ್ ಪಂಪಿಗೆ ಸ್ಪಾಂಜ್ ಫಿಲ್ಟರ್ ಥರ ಕೂರಿಸಿ. ಅದ್ರಲ್ಲಿರೋ ಬ್ಯಾಕ್ಟೀರಿಯಾ ಅಮೋನಿಯಾನ ತಿನ್ನತ್ತೆ. ಹಾಗಿದ್ರೂ ಮೊದಲ ಎರಡು ವಾರ ದಿನಾ 10-12 ಲೀಟರ್ ಬದಲಾಯಿಸಿ, ಗೋಲ್ಡ್‌ಫಿಶ್ ಗಲೀಜು ಜಾಸ್ತಿ ಮಾಡೋ ಮೀನು, 25 ಲೀಟರ್ ಅದಕ್ಕೆ ಏನೂ ಅಲ್ಲ. ಹೊಸ ನೀರಿನ ಕ್ಲೋರಿನ್ ತೆಗೆದಿರ್ಬೇಕು, ಬಿಸಿ ಟಬ್ ನೀರಿನಷ್ಟೇ ಇರ್ಬೇಕು. ಟೆಸ್ಟ್ ಕಿಟ್ ಇದ್ರೆ ದಿನಾ ನೋಡಿ, ಅಮೋನಿಯ ಮತ್ತು ನೈಟ್ರೈಟ್ (ಬ್ಯಾಕ್ಟೀರಿಯಾ ಅಮೋನಿಯಾನ ತಿಂದಾಗ ಬರೋ ಇನ್ನೊಂದು ವಿಷ) ಎರಡೂ ಸೊನ್ನೆ ತೋರಿಸ್ಬೇಕು. ಚೂರು ಬಣ್ಣ ತಿರುಗಿದ್ರೂ ಇನ್ನೊಂದು ಸಲ ನೀರು ಬದಲಾಯಿಸಿ.

ಟಬ್‌ನ ನೀರು ತುಂಬಾ ಆಳ ಬೇಡ. ಸುಸ್ತಾಗಿರೋ ಮೀನು ಮೇಲೆ ಬರೋಕೆ ಕಷ್ಟ ಪಡ್ಬಾರ್ದು. ಅಗಲ ಇರೋ ಟಬ್ ಆದ್ರೆ ಒಳ್ಳೇದು. ತಳದಲ್ಲಿ ಕಲ್ಲು, ಗೊಂಬೆ ಏನೂ ಬೇಡ, ನುಣ್ಣಗಿರ್ಲಿ. ಲೈಟ್ ಬೇಡ, ಒಂದು ಕಡೆ ಬಟ್ಟೆ ಮುಚ್ಚಿ ನೆರಳು ಮಾಡಿ, ಮೇಲೆ ಬಲೆ ಹೊದಿಸಿ, ಹೆದರಿದ ಮೀನು ಹಾರತ್ತೆ. ನೀರಿನ ಬಿಸಿ ಏರಿಸಿದ್ರೆ ಬೇಗ ಮಾಯತ್ತೆ ಅಂತ ಕೆಲವರು ಹೇಳ್ತಾರೆ, ಅರ್ಧ ನಿಜ, ಮಾಯೋದೂ ಬೇಗ ಆಗತ್ತೆ, ಆದ್ರೆ ಬಿಸಿನೀರಲ್ಲಿ ಆಮ್ಲಜನಕ ಕಮ್ಮಿ ಮತ್ತು ಕಾಲಮ್ನಾರಿಸ್ ಅನ್ನೋ ಬ್ಯಾಕ್ಟೀರಿಯಾ ರೋಗ ಬಿಸಿನೀರಲ್ಲೇ ಭರದಿಂದ ಹಬ್ಬತ್ತೆ. ಇದ್ದ ಹಾಗೇ ಇರ್ಲಿ, ಏರಿಳಿತ ಆಗದೇ ಇದ್ರೆ ಸಾಕು.

ಊಟ ಮುಟ್ತಿಲ್ಲ ಅಂತ ಸಂಕಟ ಪಡ್ಬೇಡಿ. ನಾಲ್ಕು ವರ್ಷದ ಆರೋಗ್ಯವಾದ ಗೋಲ್ಡ್‌ಫಿಶ್ ಒಂದು ವಾರ ಉಪವಾಸ ಇದ್ರೂ ಏನೂ ಆಗಲ್ಲ. ಎರಡು ದಿನ ಏನೂ ಹಾಕ್ಬೇಡಿ, ಮೂರನೇ ದಿನ ನೆನೆಸಿದ ಒಂದೆರಡು ಕಾಳು ಆಹಾರ ಬಲಗಡೆಯಿಂದ, ಅಂದ್ರೆ ಕಣ್ಣು ಕಾಣೋ ಕಡೆಯಿಂದ ಬಿಡಿ, ತಿನ್ನದೇ ಇದ್ರೆ ಹತ್ತು ನಿಮಿಷದಲ್ಲಿ ತೆಗೆದ್ಬಿಡಿ. ಕೊಳೆತ ಆಹಾರನೂ ಅಮೋನಿಯ ಆಗತ್ತೆ.

ಗಾಯಕ್ಕೆ ಏನಾದ್ರೂ ಹಚ್ಬೇಕಾ ಅಂತ ನೀವು ಕೇಳಿಲ್ಲ, ಆದ್ರೂ ಯಾರಾದ್ರೂ ಹೇಳೇ ಹೇಳ್ತಾರೆ. ಪ್ರತಿ ಸಲ ಹಿಡಿದು ಎತ್ತಿದಾಗ ಉಳಿದಿರೋ ಲೋಳೆನೂ ಕೈಗೆ ಬರತ್ತೆ, ಹೆದರಿಕೆ ಬೇರೆ. ಹೈಡ್ರೋಜನ್ ಪೆರಾಕ್ಸೈಡ್ ಥರದ್ದು ಹೊಸದಾಗಿ ಹರಡ್ತಿರೋ ಜೀವಕೋಶಗಳನ್ನೂ ಸುಡತ್ತೆ. ಹಾಗಾಗಿ ಮುಟ್ಟದೇ ಇರೋದೇ ಒಳ್ಳೇದು. ಎತ್ತಲೇಬೇಕು ಅಂದ್ರೆ ಬಲೆ ಬೇಡ, ಹರಿದ ಬಾಲ ಸಿಕ್ಕಾಕೊಳ್ಳತ್ತೆ, ನೀರಿನ ಸಮೇತ ಒಂದು ಡಬ್ಬೀಲಿ ಎತ್ತಿ.

ಇನ್ನು ದಿನಾ ಏನು ನೋಡ್ಬೇಕು ಅಂತ. ಎರಡು ಮೂರು ದಿನದಲ್ಲಿ ಗಾಯದ ಮೇಲೆ ಬೆಳ್ಳಗೆ, ಬೂದು ಬಣ್ಣಕ್ಕೆ ಒಂದು ಪೊರೆ ಕಾಣಬಹುದು. ಎಷ್ಟೋ ಜನ ಇದನ್ನ ಫಂಗಸ್ ಅಂತ ಹೆದರಿ ಮತ್ತೆ ಔಷಧಿ ಸುರೀತಾರೆ. ಅದು ಚಪ್ಪಟೆಯಾಗಿ ಮೈಗೆ ಅಂಟಿದ್ರೆ ಹೊಸ ಚರ್ಮ, ಖುಷಿ ಪಡಿ. ಹತ್ತಿ ಎಳೆ ಥರ ಮೇಲೆದ್ದು ನೀರಲ್ಲಿ ಅಲುಗ್ತಿದ್ರೆ ಅದು ಬೂಷ್ಟು, ಆಗ ಬ್ಲೂ ಮತ್ತೆ ಕೆಲಸಕ್ಕೆ ಬರತ್ತೆ, ಸ್ಪಾಂಜ್ ತೆಗೆದಿಟ್ಟು ಹಾಕಿ. ಗಾಯದ ಅಂಚು ಹಳದಿ ಬೂದಾಗಿ ಒಂದೇ ದಿನದಲ್ಲಿ ಅಗಲ ಆಗ್ತಾ ಹೋದ್ರೆ, ರೆಕ್ಕೆಗಳಲ್ಲಿ ಕೆಂಪು ಗೆರೆ ಮೂಡಿದ್ರೆ, ಗುಂಡಿ ಆಳ ಆದ್ರೆ, ಅಥವಾ ಮೈ ಊದಿ ಹುರುಪೆ ಎಲ್ಲಾ ನಿಮಿರಿ ನಿಂತ್ರೆ, ಅದು ಬ್ಯಾಕ್ಟೀರಿಯಾ ಸೋಂಕು, ಆಂಟಿಬಯಾಟಿಕ್ ಬೇಕಾಗೋದು ಆಗ. ಅದನ್ನ ಪಶುವೈದ್ಯರಿಗೆ ಫೋಟೋ ತೋರಿಸಿ, ಟಬ್‌ನ ಲೀಟರ್ ಲೆಕ್ಕ ಹೇಳಿ, ಅವ್ರು ಹೇಳಿದ್ದನ್ನ ಹೇಳಿದಷ್ಟು ದಿನ ಕೊಡಿ. ಇದ್ಯಾವುದೂ ಇಲ್ದೆ ಗಾಯದ ಸುತ್ತ ಕಪ್ಪು ಬಣ್ಣ ಬಂದ್ರೆ ಹೆದರ್ಬೇಡಿ, ಮಾಯ್ತಿರೋ ಜಾಗದಲ್ಲಿ ಗೋಲ್ಡ್‌ಫಿಶ್ ಹಾಗೆ ಕಪ್ಪಾಗೋದುಂಟು, ಆಮೇಲೆ ಮಾಸತ್ತೆ. ಒಂದ್ಸಲ ಅಮೋನಿಯ ಮಾತ್ರ ನೋಡ್ಕೊಳ್ಳಿ, ಅದ್ರಿಂದ ಸುಟ್ರೂ ಕಪ್ಪಾಗತ್ತೆ.

ಬಾಲ ಬುಡದವರೆಗೆ ಹೋಗಿಲ್ಲ ಅಂದ್ರೆ ಮತ್ತೆ ಬೆಳೆಯತ್ತೆ, ಮೊದ್ಲು ಗಾಜಿನ ಥರ ಪಾರದರ್ಶಕವಾಗಿ ಬರತ್ತೆ, ಬಣ್ಣ ಆಮೇಲೆ. ಹುರುಪೆನೂ ವಾರಗಳಲ್ಲಿ ಬರತ್ತೆ. ಕಣ್ಣಿನ ಮಾತು ಖಚಿತವಾಗಿ ಹೇಳಕ್ಕಾಗಲ್ಲ. ಒಂದೇ ಕಣ್ಣು ಊದಿದೆ ಅಂದ್ರೆ ಸಾಮಾನ್ಯವಾಗಿ ಪೆಟ್ಟಿಂದ, ಊತ ಇಳಿದು ದೃಷ್ಟಿ ಉಳಿದ್ರೂ ಉಳೀಬಹುದು. ಪೂರ್ತಿ ಹೋದ್ರೆ ಹೊಸ ಕಣ್ಣು ಬರಲ್ಲ, ಆದ್ರೆ ಮೀನಿಗೆ ಮೈಯುದ್ದಕ್ಕೂ ನೀರಿನ ಅಲುಗಾಟ ತಿಳಿಯೋ ಗೆರೆ ಇರತ್ತೆ, ಅದ್ರಿಂದ ಅಡ್ಡ ಬಂದಿದ್ದು ಗೊತ್ತಾಗತ್ತೆ. ನಮ್ಮನೇಲಿ ಒಂದು ಒಕ್ಕಣ್ಣಿನ ಮೀನು ಆರು ವರ್ಷದಿಂದ ಇದೆ, ಊಟಕ್ಕೆ ಎಲ್ಲಕ್ಕಿಂತ ಮೊದ್ಲು ಬರೋದೇ ಅದು. ಟ್ಯಾಂಕಿನೊಳಗಿನ ಸಾಮಾನು ಮಾತ್ರ ಆಗಾಗ ಜಾಗ ಬದಲಾಯಿಸ್ಬೇಡಿ.

ವಾಪಸ್ ಹಾಕೋದು ಗಾಯ ಪೂರ್ತಿ ಮುಚ್ಚಿ, ಮೈ ಎಲ್ಲ ನಯವಾಗಿ, ಚೆನ್ನಾಗಿ ತಿಂತಾ ಇದ್ದಾಗ, ಅದಕ್ಕೆ ಒಂದು ತಿಂಗಳೂ ಹಿಡೀಬಹುದು. ಅಷ್ಟರಲ್ಲಿ ಆ ಪೈಪಿನ ಬಾಯಿಗೆ ಒರಟು ಸ್ಪಾಂಜ್ ಬಿಗಿಯಾಗಿ ತೊಡಿಸಿ, ಜಾಲರಿ ನಂಬ್ಕೋಬೇಡಿ. ಮತ್ತೆ ನಾಲ್ಕು ಗೋಲ್ಡ್‌ಫಿಶ್‌ಗೆ 100 ಲೀಟರ್ ಇಕ್ಕಟ್ಟು, ಆದಾಗ ದೊಡ್ಡದು ನೋಡಿ.

ಪ್ರಶ್ನೆ: ನಮ್ಮ ಏಂಜೆಲ್ ಮೀನನ್ನ ಬೇರೆ ಮೀನು ಕಚ್ಚಿ ಹನ್ನೆರಡು ದಿನ ಆಯ್ತು. ಬೆನ್ನ ಮೂಳೆ ಕಾಣ್ತಿದೆ, ಮಗ್ಗುಲಾಗಿ ಬಿದ್ದಿದೆ, ಏನೂ ತಿಂದಿಲ್ಲ, ಹತ್ರ ಹೋದ್ರೂ ಅಲುಗಲ್ಲ. ನೀರು, ಉಪ್ಪು, ವೈದ್ಯರು ಕೊಟ್ಟ ಔಷಧಿ ಎಲ್ಲಾ ಆಯ್ತು. ಫ್ರೀಜರಲ್ಲಿಟ್ರೆ ನೋವಿಲ್ದೆ ಹೋಗತ್ತೆ ಅಂತಾರೆ. ಕೈ ಬರ್ತಿಲ್ಲ.

ಉತ್ತರ: ಫ್ರೀಜರಲ್ಲಿ ಇಡ್ಬೇಡಿ. ಅದು ನಿಧಾನ, ನೋವಿಲ್ಲ ಅನ್ನೋದು ಸುಳ್ಳು. ಮೀನಿಗೆ ನೋವು ಗೊತ್ತಾಗಲ್ಲ ಅಂತ ತುಂಬಾ ಜನ ನಂಬಿದ್ರು. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಜೊತೆಯವರು ರೇನ್‌ಬೋ ಟ್ರೌಟ್ ಮೀನಿನ ಮುಖದಲ್ಲಿ ನೋವು ಹಿಡಿಯೋ ನರಗಳಿವೆ ಅಂತ ತೋರಿಸಿದ್ರು. ತುಟಿಗೆ ಉರಿಯೋ ಆಮ್ಲ ಚುಚ್ಚಿದ ಮೀನುಗಳು ತುಟೀನ ಕಲ್ಲಿಗೆ ಉಜ್ಜಿದ್ವು, ಊಟ ಬಿಟ್ವು. ಮಾರ್ಫಿನ್ ಕೊಟ್ಟಾಗ ಅಂಥ ನಡವಳಿಕೆ ಕಮ್ಮಿ ಆಯ್ತು. ಹಾಗಾಗಿ ನಿಮಗೆ ಕೈ ಬರದೇ ಇರೋದು ಸರಿಯಾಗೇ ಇದೆ.

ನೀವು ಬರೆದಿರೋದನ್ನ ನೋಡಿದ್ರೆ ಇನ್ನು ಎಳೆಯೋದು ಬೇಡ ಅನ್ಸತ್ತೆ. ವೈದ್ಯರ ಕೈಲೇ ಮಾಡಿಸೋಕಾದ್ರೆ ಅದು ಮೊದಲ ದಾರಿ. ಇಲ್ಲಾಂದ್ರೆ ಲವಂಗದೆಣ್ಣೆ. ಅದು ತಣ್ಣೀರಲ್ಲಿ ಬೆರೆಯಲ್ಲ, ಅದಕ್ಕೇ ಪುಟ್ಟ ಬಾಟ್ಲೀಲಿ ಉಗುರುಬೆಚ್ಚಗಿನ ನೀರು ಹಾಕಿ ಹಾಲಿನ ಬಣ್ಣ ಬರೋವರೆಗೂ ಕುಲುಕಬೇಕು. ಅದೇ ಟ್ಯಾಂಕಿನ ನೀರು ಒಂದು ಲೀಟರ್ ತಗೊಂಡು ಮೀನನ್ನ ಅದ್ರಲ್ಲಿ ಬಿಟ್ಟು, ಮೊದ್ಲು ಎರಡೇ ಹನಿ ಎಣ್ಣೆ ಕುಲುಕಿದ ನೀರು ನಿಧಾನಕ್ಕೆ ಸೇರಿಸಿ, ಅದು ನಿದ್ದೆಗೆ ಜಾರತ್ತೆ. ಮುಟ್ಟಿದ್ರೂ ಅಲುಗಲ್ಲ ಅಂತಾದ ಮೇಲೆ ಇನ್ನು ಹತ್ತು ಹನ್ನೆರಡು ಹನಿಯಷ್ಟು ಕುಲುಕಿ ಸೇರಿಸಿ. ಕಿವಿರು ಆಡೋದು ನಿಂತ್ಮೇಲೂ ಹೃದಯ ಸ್ವಲ್ಪ ಹೊತ್ತು ಬಡೀತಿರತ್ತೆ, ಅದಕ್ಕೆ ಅರ್ಧ ಗಂಟೆ ಹಾಗೇ ಬಿಡಿ, ಅವಸರ ಮಾಡ್ಬೇಡಿ. ನೀವು ಪಕ್ಕದಲ್ಲೇ ಕೂತಿರಿ.

ಪ್ರಶ್ನೆ: ಮೋಲಿ ಮೀನು ಟ್ಯಾಂಕಿಂದ ಹಾರಿ ನೆಲಕ್ಕೆ ಬಿದ್ದಿತ್ತು, ಮೈಯೆಲ್ಲ ಧೂಳು. ನೀರಿಗೆ ಹಾಕಿ ಹಿಂದೆ ಮುಂದೆ ಆಡಿಸಿದ್ರೆ ಉಸಿರು ಬರತ್ತೆ ಅಂತ ಆಡಿಸಿದೆ. ಸರೀನಾ?

ಉತ್ತರ: ಹಿಂದೆ ಎಳೀಬಾರ್ದು. ನೀರು ಬಾಯಿಂದ ಒಳಗೆ ಹೋಗಿ ಕಿವಿರಿಂದ ಹೊರಗೆ ಬರೋದು ಸರಿಯಾದ ದಾರಿ. ಮುಖ ಗಾಳಿ ಗುಳ್ಳೆ ಬಿಡೋ ಏರ್‌ಸ್ಟೋನ್ ಕಡೆಗೆ ಮಾಡಿ ಸುಮ್ನೆ ಹಿಡ್ಕೊಂಡ್ರೆ ಸಾಕು, ತಾನಾಗೇ ಬಾಯಿ ಆಡಿಸೋಕೆ ಶುರು ಮಾಡತ್ತೆ. ಧೂಳನ್ನ ಬೆರಳಲ್ಲಿ ಉಜ್ಜಿ ತೆಗೀಬೇಡಿ, ಲೋಳೆ ಅದ್ರ ಜೊತೆಗೇ ಕಿತ್ಕೊಂಡು ಬರತ್ತೆ, ನೀರಲ್ಲಿ ತಾನಾಗೇ ಬಿಡತ್ತೆ. ಎರಡು ದಿನ ಲೈಟ್ ಹಾಕ್ಬೇಡಿ, ಟ್ಯಾಂಕಿಗೆ ಇವತ್ತೇ ಮುಚ್ಚಳ ಹಾಕಿ, ಒಂದ್ಸಲ ಹಾರಿದ್ದು ಮತ್ತೆ ಹಾರಬಹುದು.